ಕಂಬಳಿ ಮೇಲಿನ ಮಾತು

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗಿನ್ನು ಆಗಬೇಕಾದ್ದೇನೂ ಇಲ್ಲ, ಹೋದ ತಿಂಗಳು ತೀರಿಕೊಂಡರು. ಆದರೆ ಒಂದು ಹೆಸರು ಕೈಗೆ ಸಿಕ್ಕರೆ ಅದರ ಹಿಂದೆ ಊರು, ಊರಿನ ಹಿಂದೆ ಮನೆ, ಮನೆಯ ಹಿಂದೆ ಫೋನ್ ನಂಬರು ಎಲ್ಲವೂ ಸಾಲುಗಟ್ಟಿ ಬರುವ ಕಾಲ ಇದು. ಅವರ ಬದುಕು ಹಾಳಾದದ್ದನ್ನು ಕಣ್ಣಾರೆ ನೋಡಿ ನಾನು ಇಷ್ಟನ್ನು ಕಲಿತಿದ್ದೇನೆ. ಹಾಗಾಗಿ ಎಲ್ಲರೂ ಕರೆಯುತ್ತಿದ್ದಂತೆ ಅವರನ್ನು ಮಾವ ಎಂದೇ ಕರೆಯುತ್ತೇನೆ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಅವರನ್ನು ಮಾವ ಎನ್ನದವರು ಕಡಿಮೆ. ಇಲ್ಲಿ ಬರುವ ಊರುಗಳನ್ನೂ ಅದಲು ಬದಲು ಮಾಡಿದ್ದೇನೆ, ಯಾರೂ ಹುಡುಕಿಕೊಂಡು ಹೋಗಬೇಡಿ.

ಮಾವನ ಕೆಲಸ ಹೆಣ್ಣು ಗಂಡು ಕೂಡಿಸುವುದು. ದಲ್ಲಾಳಿ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ದಲ್ಲಾಳಿ ಕುರಿ ಸಂತೇಲಿರ್ತಾನೆ ಕಣಲೇ. ನಾನು ಮನೆ ಮನೆ ನಡುವೆ ಓಡಾಡೋನು" ಎನ್ನುತ್ತಿದ್ದರು. ಅವರ ಅಪ್ಪ ವರವು ಕಾವಲಿನ ಹುಲ್ಲುಬಯಲಲ್ಲಿ ಕುರಿ ಮೇಯಿಸಿದವರು. ಕಾವಲಿಗೆ ಸರ್ಕಾರದ ಕಾಂಪೌಂಡ್ ಎದ್ದ ಮೇಲೆ ಮಂದೆ ಮಾರಿ ಇವರು ತಳಕಿಗೆ ಬಂದು ಸೇರಿದರು. ಹಟ್ಟಿಯಿಂದ ಹಟ್ಟಿಗೆ ಕುರಿಗಳ ಹಿಂದೆ ನಡೆದ ಕಾಲು, ಕುರಿ ಇಲ್ಲದಿದ್ದರೂ ನಡೆಯುವುದನ್ನು ಬಿಡಲಿಲ್ಲ. ಹೆಗಲ ಮೇಲೆ ಕರೀ ಕಂಬಳಿ, ಬೇಸಿಗೆಯ ಉರಿಬಿಸಿಲಲ್ಲೂ. ಮಕ್ಕಳಿರಲಿಲ್ಲ. ಅದರ ಬಗ್ಗೆ ಯಾರಾದರೂ ಲೊಚಗುಟ್ಟಿದರೆ, "ನನಗೆ ಮಕ್ಕಳಿಲ್ಲ, ಅಳಿಯಂದಿರು ಮಾತ್ರ ಲೆಕ್ಕ ಇಲ್ದಂಗೆ ಅದಾರೆ. ನಾನು ಸತ್ತಾಗ ನೋಡ್ತಿರು, ಚಟ್ಟ ಹೊರಾಕೆ ನಾನು ತಾನು ಅಂತ ಬಡಿದಾಡ್ತಾರೆ" ಎಂದು ನಗುತ್ತಿದ್ದರು.

ಚಳ್ಳಕೆರೆಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಹುಡುಗಿಯರ ಫೋಟೊ ತೆಗೆಸಲು ತಂದೆ ತಾಯಿಯನ್ನು ಹೊರಡಿಸಿಕೊಂಡು ಮಾವ ಬರುತ್ತಿದ್ದರು. ಬಂದವರು ಸುಮ್ಮನೆ ಬೆಂಚಿನ ಮೇಲೆ ಕೂರುವುದಿಲ್ಲ, ಕ್ಯಾಮೆರಾದ ಹಿಂದೆ ಬಂದು ನನ್ನ ಕಿವಿಯ ಹತ್ತಿರ ನಿಲ್ಲಬೇಕು. "ಕಾಲು ಕಾಣ್ಲಿ. ಸೊಂಟದ ಮಟ್ಟಕ್ಕೆ ತೆಗೆದ್ರೆ ನೋಡೋರು ಕಾಲಿಗೆ ಏನಾಗೈತೋ ಅಂತಾರೆ." ಕಂಪ್ಯೂಟರಿನಲ್ಲಿ ಮುಖವನ್ನು ಸ್ವಲ್ಪ ತಿಳಿಮಾಡಲು ಹೋದರೆ ಕೈ ಹಿಡಿಯುತ್ತಿದ್ದರು. "ಲೇ ಅಳಿಯ, ಬೆಳ್ಳಗೆ ಮಾಡಬ್ಯಾಡ. ನಾಳೆ ಹುಡುಗಿ ಎದುರಿಗೆ ಬಂದು ಕುಂತಾಗ ಆ ಬಣ್ಣ ಎಲ್ಲಿಂದ ತರ್ತೀಯ? ಈ ಪೆಟ್ಟಿಗೆ ಹೊತ್ಕಂಡು ನೀನೂ ಬರ್ತೀಯಾ?" ಅವರಿಂದಾಗಿ ನನ್ನ ಸ್ಟುಡಿಯೊದಲ್ಲಿ ಎಷ್ಟೋ ಹುಡುಗಿಯರು ತಮ್ಮ ಸ್ವಂತ ಬಣ್ಣದಲ್ಲೇ ಮದುವೆಯಾದರು.

ನನ್ನ ಮದುವೆಯನ್ನು ಕೂಡಿಸಿದವರೂ ಅವರೇ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನಾನು ತಟ್ಟೆ ತಳ್ಳಿ ಎದ್ದಾಗ ಹೆಂಡತಿ ನಕ್ಕುಬಿಟ್ಟಳು. "ಮಾವ ಅವತ್ತೇ ನಮ್ಮಪ್ಪಗೆ ಹೇಳಿದ್ರು. ಹುಡುಗ ಸಿಡುಕ, ಕ್ಯಾಮೆರಾ ಕೈಯಾಗಿದ್ದಾಗ ಮಾತ್ರ ಉಸಿರು ಹಿಡ್ಕಂಡು ಸುಮ್ನಿರ್ತಾನೆ ಅಂತ." ಮಾರನೆಯ ದಿನ ನಾನು ಮಾವನ ಮೇಲೆ ಜಗಳಕ್ಕೇ ನಿಂತೆ. "ಸುಳ್ಳಾ?" ಎಂದರು. ಸುಳ್ಳಲ್ಲ ಎಂದೆ. "ಮತ್ತೆ? ಗೊತ್ತಿದ್ದೂ ಕೊಟ್ರಲ್ಲ, ಅದು ನಿನ್ನ ಪುಣ್ಯ" ಎಂದು ಎರಡು ಟೀ ತರಿಸಿದರು, ನನ್ನ ಹೆಸರಿನಲ್ಲಿ.

ನಮ್ಮ ಕಡೆ ಹೆಣ್ಣು ಗಂಡಿನ ಮಾತನ್ನು ಕಂಬಳಿ ಹಾಸಿ ಆಡುವುದು ರೂಢಿ. ಈಗ ಮನೆಗಳಿಗೆಲ್ಲ ಟೈಲ್ಸ್ ಬಂದು, ಬಂದವರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಾರೆ. ಮಾವ ಮಾತ್ರ ಕುರ್ಚಿಗಳನ್ನು ಗೋಡೆಗೆ ಸರಿಸಿ, ತಮ್ಮ ಹೆಗಲ ಕಂಬಳಿಯನ್ನೇ ಹಾಸಿ, ಎರಡೂ ಕಡೆಯವರನ್ನು ಅದರ ಮೇಲೆ ಕೂರಿಸುತ್ತಿದ್ದರು. "ಕುರ್ಚಿ ಮೇಲೆ ಕುಂತು ಆಡಿದ್ದು ಹೋಟ್ಲು ಮಾತು" ಎನ್ನುವರು. ಕಂಬಳಿಯ ಮೇಲೆ ಕೂತವರು ಸುಳ್ಳು ಹೇಳಬಾರದು. ಅಲ್ಲಿ ಆಡಿದ್ದು ಅಲ್ಲಿಂದ ಹೊರಗೆ ಹೋಗಬಾರದು. ಮಾತು ಮುಗಿದ ಮೇಲೆ ಅದನ್ನು ಕೊಡವದೆ ಮಡಚಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಕೊಡವಿದರೆ ಮಾತು ಉದುರುತ್ತದಂತೆ. ನನ್ನ ಹೆಂಡತಿಗೆ ಊರ ಮೇಲಿನ ಸುದ್ದಿ ಕೇಳುವ ಚಪಲ. ಇಂಥವರ ಮನೆಯ ಹುಡುಗಿಗೆ ಏಕೆ ತಡವಾಗುತ್ತಿದೆ ಎಂದು ಬುಡಕ್ಕೆ ಕೈ ಹಾಕಿದರೆ, ಮಾವ ಹೆಗಲ ಮೇಲಿನ ಕಂಬಳಿಯನ್ನೊಮ್ಮೆ ತಟ್ಟಿ, "ಮಡಚೈತಮ್ಮ" ಎನ್ನುತ್ತಿದ್ದರು. ಅಷ್ಟೇ. ಅದರ ಮೇಲೆ ಅವರ ಬಾಯಿಂದ ಒಂದು ಅಕ್ಷರ ಹೊರಡುತ್ತಿರಲಿಲ್ಲ.

ಒಂದು ಮನೆಗೆ ಸಂಬಂಧ ತೆಗೆದುಕೊಂಡು ಹೋಗುವ ಮೊದಲು ಅವರು ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಒಂದೇ. ಹೊಲ ಎಷ್ಟು, ನೌಕರಿ ಏನು ಎಂಬುದೆಲ್ಲ ಆಮೇಲೆ. "ಆ ಮನೇಲಿ ಯಾರ ಮಾತು ನಡೀತೈತೆ?" ಆಂಧ್ರದ ಗಡಿಯ ಕಡೆ ಹೋದರೆ ಇದೇ ಪ್ರಶ್ನೆ ತೆಲುಗಿಗೆ ತಿರುಗುತ್ತಿತ್ತು, "ಆ ಇಂಟ್ಲೋ ಎವರಿ ಮಾಟ ಚೆಲ್ಲುತಾದಿ?" ಯಜಮಾನ ಎದುರಿಗೆ ಮೀಸೆ ತಿರುವುತ್ತಾ ಕೂತಿರುತ್ತಾನೆ, ಮಾತು ಮಾತ್ರ ಒಳಗೆ ರೊಟ್ಟಿ ಬಡಿಯುತ್ತಿರುವ ಅತ್ತಿಗೆಯದು ನಡೆಯುತ್ತಿರುತ್ತದೆ. ಕೆಲವು ಮನೆಯಲ್ಲಿ ಬೇರೆ ಊರಲ್ಲಿರುವ ಸೋದರಮಾವನದು. ಅದೊಂದು ತಿಳಿದರೆ ಮುಕ್ಕಾಲು ಮದುವೆ ಮುಗಿದಂತೆ ಎಂದು ಅವರ ನಂಬಿಕೆ. ಎರಡು ತಾಲ್ಲೂಕಿನಲ್ಲಿ ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಅವರಿಗೆ ಬಾಯಿಪಾಠ ಇತ್ತು.

ಕೊಂಡ್ಲಹಳ್ಳಿಯ ಹುಡುಗಿಯ ವಿಷಯ ಹೇಳಬೇಕು. ಎಲ್ಲ ಬಯಲಾದ ಮೇಲೆ ಮಾವ ನನಗೆ ಹೇಳಿದ್ದು ಇದು, ಅಲ್ಲಿಯವರೆಗೆ ಅವಳ ಫೋಟೊ ತೆಗೆದ ನನಗೂ ಗೊತ್ತಿರಲಿಲ್ಲ. ಅವಳಿಗೆ ಚಿಕ್ಕಂದಿನಿಂದ ಮೂರ್ಛೆ ಬರುತ್ತಿತ್ತು. ಮಾತ್ರೆ ತಪ್ಪಿಸದಿದ್ದರೆ ಏನೂ ಇಲ್ಲ. ಅಪ್ಪ ಅಮ್ಮನಿಗೆ ಅದನ್ನು ಮುಚ್ಚಿಟ್ಟು ಧಾರೆ ಎರೆದುಬಿಡುವ ಅವಸರ. ಮಾವ ಒಪ್ಪಲಿಲ್ಲ. ಕಾವಲಿನ ಅಂಚಿನ ಒಂದು ಹಟ್ಟಿಯಲ್ಲಿ ಹುಡುಗನನ್ನು ನೋಡಿದರು. ಟಿಪ್ಪರ್ ಓಡಿಸುವ ಒಳ್ಳೆಯ ಹುಡುಗ, ಮನೆಯಲ್ಲಿ ನಡೆಯುವುದು ತಾಯಿಯ ಮಾತು. ತಾಯಿ ಮಗ ಇಬ್ಬರನ್ನೇ ಕಂಬಳಿಯ ಮೇಲೆ ಕೂರಿಸಿ ಇದ್ದದ್ದು ಇದ್ದ ಹಾಗೆ ಹೇಳಿದರು. ಆ ತಾಯಿ, "ನೀನು ಹೇಳಿದ್ದಕ್ಕೆ ಒಪ್ಕಂತೀನಣ್ಣ. ಆದ್ರೆ ನಮ್ಮ ಪೈಕಿ ಒಂದು ನರಪಿಳ್ಳೆಗೂ ಗೊತ್ತಾಗಬಾರ್ದು. ನನಗಿನ್ನೊಬ್ಬಳು ಮಗಳು ಅದಾಳೆ" ಎಂದಳು. ಮದುವೆ ಆಯಿತು. ಆ ಹುಡುಗಿ ಅತ್ತೆಯ ಕೈಯಿಂದಲೇ ಮಾತ್ರೆ ತೆಗೆದುಕೊಂಡು ನೆಮ್ಮದಿಯಾಗಿದ್ದಳು. ಅವಳ ಅವ್ವ ಮಾವನನ್ನು ಕಂಡಾಗಲೆಲ್ಲ ಕೈ ಮುಗಿಯುತ್ತಿದ್ದಳಂತೆ.

ಹೀಗಿದ್ದ ಮನುಷ್ಯನ ಮನೆಗೆ ಇಬ್ಬರು ಹುಡುಗರು ಬಂದರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್, ಬಾಯಲ್ಲಿ ಬೆಣ್ಣೆ. ಬಡವರ ಮನೆಯ ಹೆಣ್ಣುಮಕ್ಕಳಿಗೆ ಪುಕ್ಕಟೆ ವರ ಹುಡುಕಿಕೊಡುವ ಮದುವೆ ಆ್ಯಪ್ ಮಾಡುತ್ತಿದ್ದೇವೆ, ಈ ಭಾಗದಲ್ಲಿ ನಿಮ್ಮಷ್ಟು ಮನೆಗಳನ್ನು ಬಲ್ಲವರಿಲ್ಲ, ನೀವೇ ಹಿರಿಯ ಸಲಹೆಗಾರರು ಎಂದರು. ಮಾತಿಗೊಮ್ಮೆ ಸರ್ ಎಂದರು. ಮಾವನನ್ನು ಅಲ್ಲಿಯವರೆಗೆ ಯಾರೂ ಸರ್ ಎಂದಿರಲಿಲ್ಲ. ಆ್ಯಪಿನಲ್ಲಿ ಹಾಕಲು ಫೋಟೊ ಬೇಕೆಂದು ನನಗೆ ಫೋನ್ ಬಂತು, ಕ್ಯಾಮೆರಾ ಹಿಡಿದು ತಳಕಿಗೆ ಹೋದೆ.

ಹೋಗಿ ನೋಡಿದರೆ ಮಾವ ನಡುಮನೆಯಲ್ಲಿ ಕಂಬಳಿ ಹಾಸಿ ಆ ಇಬ್ಬರನ್ನೂ ಅದರ ಮೇಲೆ ಕೂರಿಸಿದ್ದರು. ಜೀನ್ಸ್ ಪ್ಯಾಂಟಿನಲ್ಲಿ ಚಕ್ಕಳಮಕ್ಕಳ ಹಾಕಲಾಗದೆ ಅವರು ಒದ್ದಾಡುತ್ತಿದ್ದರು. ಮದುವೆಯ ಮಾತು ಅಂದಮೇಲೆ ಕಂಬಳಿ ಬೇಡವೇ ಎಂಬುದು ಮಾವನ ಲೆಕ್ಕ. ಆ ಹುಡುಗರಿಗೆ ಅದು ಚುಚ್ಚುವ ಒಂದು ಹಳೇ ಜಮಖಾನ. ಒಬ್ಬ ಕೇಳುತ್ತಾ ಹೋದ, ಇನ್ನೊಬ್ಬ ಟ್ಯಾಬಿನಲ್ಲಿ ಒತ್ತುತ್ತಾ ಹೋದ. ಮನೆಯಲ್ಲಿ ಎಷ್ಟು ಜನ, ಯಾವ ಬೆಡಗು, ಫೋನ್ ನಂಬರು, ದುಡಿಯುವವರು ಯಾರು, ಕಾಯಿಲೆ ಕಸಾಲೆ, ಅಣ್ಣತಮ್ಮಂದಿರ ನಡುವೆ ವ್ಯಾಜ್ಯ. ಬೆಡಗು ಎಂದರೆ ಕುಲದ ಒಳಗಿನ ಕವಲು. ಒಂದೇ ಬೆಡಗಿನವರು ಅಣ್ಣ ತಂಗಿಯ ಸಮ, ಹೆಣ್ಣು ಕೊಟ್ಟು ತರುವಂತಿಲ್ಲ. ಹಾಗಾಗಿ ಮದುವೆಗೆ ಅದು ಬೇಕೇ ಬೇಕು. ಕಡೆಗೆ ಆ ಹುಡುಗ ಕೇಳಿದ, "ಸರ್, ಈ ಮನೆಯಲ್ಲಿ ಡಿಸಿಷನ್ ಯಾರದು? ಅಂದ್ರೆ, ಯಾರು ಹೇಳಿದರೆ ಉಳಿದವರು ಕೇಳ್ತಾರೆ?"

ಮಾವ ತೊಡೆ ತಟ್ಟಿಕೊಂಡು ನನ್ನ ಕಡೆ ತಿರುಗಿದರು. "ನೋಡಿದ್ಯಾ ಅಳಿಯ! ಯಾರ ಮಾತು ನಡೀತೈತೆ ಅಂತ ಕೇಳ್ತಾನೆ! ಹುಡುಗ್ರು ಕಸುಬು ತಿಳಿದೋರು ಕಣಲೇ." ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹಿಂದೆ ಕಂಡಿರಲಿಲ್ಲ. ತನ್ನ ನಂತರ ಈ ವಿದ್ಯೆ ಯಾರಿಗೆ ಎಂಬ ಚಿಂತೆ ಅವರಿಗೆ ಒಳಗೊಳಗೇ ಇತ್ತೆಂದು ತೋರುತ್ತದೆ. ನಾನು ಫೋಟೊ ತೆಗೆದು, ಅವರ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು ಬಂದೆ. ಆ ಹುಡುಗರು ಆಮೇಲೂ ದಿನಗಟ್ಟಲೆ ಬಂದು ಹೋದರು. ಬಂದಾಗಲೆಲ್ಲ ಕಂಬಳಿ ಬಿಚ್ಚುತ್ತಿತ್ತು.

ಕೊಂಡ್ಲಹಳ್ಳಿ ಹುಡುಗಿಯ ಗಂಡನ ಮನೆಯ ಸರದಿ ಬಂದಾಗ ಮಾವ ತಡೆದರಂತೆ. ಕಂಬಳಿಯ ಅಂಚನ್ನು ಬೆರಳಲ್ಲಿ ಹೊಸೆಯತೊಡಗಿದರಂತೆ. ಅವರ ಮನಸ್ಸಿನಲ್ಲಿ ಏನೋ ಇದೆ ಎಂದು ಆ ಹುಡುಗನಿಗೆ ತಿಳಿದುಹೋಯಿತು. "ಸರ್, ಮುಚ್ಚಿಟ್ಟರೆ ನಾಳೆ ಯಾರಿಗೋ ಮೋಸ ಆಗಲ್ವಾ? ಮದುವೆ ವಿಷಯದಲ್ಲಿ ಸುಳ್ಳು ಇರಬಾರದು ಅಂತ ನೀವೇ ಹೇಳಿದ್ರಿ" ಎಂದ. ಜೀವಮಾನವಿಡೀ ಮಾವ ಬೇರೆಯವರಿಗೆ ಹೇಳಿಕೊಂಡು ಬಂದ ಮಾತನ್ನು ಅವರಿಗೇ ತಿರುಗಿಸಿ ಹೇಳಿದ. ಮಾವ ಒಮ್ಮೆ ಕಂಬಳಿಯನ್ನು ನೋಡಿದರು. ಹಾಸಿಯೇ ಇತ್ತು. ಹೇಳಿದರು.

ಇದಕ್ಕೆ ಈಗ ಡೇಟಾ ಎಂದು ಹೆಸರು. ನಾನು ಇಂಗ್ಲಿಷ್ ಕಡಿಮೆ ಓದಿದವನು, ಆದರೆ ಈ ಪದ ಕೇಳಿದರೆ ಮೈ ಉರಿಯುತ್ತದೆ. ಒಂದು ಹುಡುಗಿಯ ಕಾಯಿಲೆ, ಒಬ್ಬ ವಿಧವೆಯ ಗುಟ್ಟು, ಅಣ್ಣತಮ್ಮಂದಿರ ಮುನಿಸು, ಇವನ್ನೆಲ್ಲ ಒಂದೇ ಮೂಟೆಗೆ ತುಂಬಿ ಬಾಯಿ ಹೊಲಿದು ಶೇಂಗಾ ಮಾರಿದ ಹಾಗೆ ಮಾರಬಹುದೆಂದು ಕಂಡುಹಿಡಿದವರಿಗೆ ಯಾವ ಗತಿ ಬರಬೇಕೋ ನನಗೆ ತಿಳಿಯದು. ಮದುವೆ ಆ್ಯಪು ಹುಟ್ಟಲೇ ಇಲ್ಲ. ಚುನಾವಣೆ ಬಂತು.

ಫೋನುಗಳು ಶುರುವಾದವು. ಮನೆಯಲ್ಲಿ ನಾಲ್ಕು ಫೋನ್ ಇದ್ದರೆ ನಾಲ್ಕಕ್ಕೂ ಬರುತ್ತಿರಲಿಲ್ಲ. ಯಾರ ಮಾತು ನಡೆಯುತ್ತದೋ ಅವರದ್ದಕ್ಕೇ ಬರುತ್ತಿತ್ತು. ಹೆಸರು ಹಿಡಿದು ಕರೆದು, ಮನೆಯ ಕಷ್ಟ ಸುಖ ಕೇಳಿ, ಕಡೆಗೆ ಮತದ ಮಾತು. ಮಾತು ಬಿಟ್ಟ ಅಣ್ಣತಮ್ಮಂದಿರಲ್ಲಿ ಅಣ್ಣನಿಗೆ ಒಂದು ಪಕ್ಷದಿಂದ, ತಮ್ಮನಿಗೆ ಇನ್ನೊಂದು ಪಕ್ಷದಿಂದ. ಬೆಡಗು ನೋಡಿ ಒಬ್ಬೊಬ್ಬರಿಗೆ ಒಂದೊಂದು ಆಸೆ, ಇನ್ನೊಂದು ಬೆಡಗಿನವರ ಮೇಲೆ ಒಂದೊಂದು ಚಾಡಿ. ಮೊದಮೊದಲು ಜನಕ್ಕೆ ಹೆಮ್ಮೆಯಾಯಿತು, ದೊಡ್ಡವರಿಗೆ ನಮ್ಮ ಮನೆಯ ಸುದ್ದಿಯೆಲ್ಲ ಗೊತ್ತಲ್ಲ ಎಂದು. ಆಮೇಲೆ, ಇದು ಇವರಿಗೆ ಹೇಗೆ ಗೊತ್ತು ಎಂದು ಒಬ್ಬರ ಮುಖ ಒಬ್ಬರು ನೋಡಿದರು.

ಕೊಂಡ್ಲಹಳ್ಳಿ ಹುಡುಗಿ ಸೇರಿದ ಕಾವಲಿನ ಅಂಚಿನ ಆ ಮನೆಯಲ್ಲಿ ಒಂದು ದಿನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಕರೆದುಕೊಂಡು ಬಂದವರು ಮಾವನೇ. ಕಂಬಳಿಯ ಮೇಲೆ ಎಲ್ಲರೂ ಕೂತು, ಮಂಡಕ್ಕಿ ಮೆಣಸಿನಕಾಯಿ ಬಂದು, ಒಳ್ಳೆಯ ಮಾತು ನಡೆದಿತ್ತು. ಅಷ್ಟರಲ್ಲಿ ಆ ತಾಯಿಯ ಫೋನ್ ಹೊಡೆದುಕೊಂಡಿತು. ನಮ್ಮ ಹಳ್ಳಿಗಳಲ್ಲಿ ಫೋನನ್ನು ಕಿವಿಗೆ ಹಿಡಿಯುವವರಿಲ್ಲ. ಸ್ಪೀಕರ್ ಹಾಕಿ, ಬಾಯಿಯ ಮುಂದೆ ತಟ್ಟೆಯ ಹಾಗೆ ಹಿಡಿದು ಮಾತಾಡುತ್ತಾರೆ. ಆಕೆಯೂ ಹಾಗೇ ಹಿಡಿದಳು. ಒಂದು ಹುಡುಗಿಯ ದನಿ, ಸಕ್ಕರೆಯಂಥದು.

"ನಮಸ್ಕಾರ ಅಮ್ಮ, ಚೆನ್ನಾಗಿದ್ದೀರಾ? ನಿಮ್ಮ ಸೊಸೆಯವರಿಗೆ ಫಿಟ್ಸ್ ಈಗ ಕಡಿಮೆ ಆಗಿದೆಯಾ ಅಮ್ಮ? ನಮ್ಮ ಅಭ್ಯರ್ಥಿಗೆ ನಿಮ್ಮ ಕುಟುಂಬದ ಮೇಲೆ ತುಂಬ ಕಾಳಜಿ ಇದೆ. ಗೆದ್ದ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಉಚಿತವಾಗಿ ತೋರಿಸ್ತಾರೆ. ನಿಮ್ಮ ಮನೆಯ ಮತಗಳೆಲ್ಲ ನಿಮ್ಮ ಮಾತಿನ ಮೇಲೇ ನಿಂತಿವೆ ಅಂತ ನಮಗೆ ಗೊತ್ತು ಅಮ್ಮ."

ಬೈಯಲಿಲ್ಲ, ಬೆದರಿಸಲಿಲ್ಲ. ಆರೋಗ್ಯ ವಿಚಾರಿಸಿದಳು, ಅಷ್ಟೇ. ಫೋನ್ ಆಫ್ ಮಾಡುವುದು ಹೇಗೆಂದು ಆ ತಾಯಿಯ ಕೈಗೆ ತಿಳಿಯದೆ, ಆ ದನಿ ಧನ್ಯವಾದ ಹೇಳುವವರೆಗೂ ಎಲ್ಲರೂ ಕೇಳುತ್ತಾ ಕೂತಿದ್ದರು. ಸೊಸೆ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗಂಡಿನ ಕಡೆಯ ಹಿರಿಯರೊಬ್ಬರು ಕೆಮ್ಮಿದರು, ಬಸ್ಸಿಗೆ ಹೊತ್ತಾಯಿತು ಎಂದರು. ಟೀ ಯಾರೂ ಮುಟ್ಟಲಿಲ್ಲ. ಅವರು ಹೋದ ಮೇಲೆ ಕಂಬಳಿಯ ಮೇಲೆ ಮಾವ ಒಬ್ಬರೇ ಉಳಿದರು. ಎರಡು ಮನೆಗಳ ಹೊರಗೆ ಆ ಗುಟ್ಟನ್ನು ಬಲ್ಲವರು ಅವರೊಬ್ಬರೇ.

"ಎದ್ದೇಳಣ್ಣ" ಎಂದಳಂತೆ ಆ ತಾಯಿ. ಅವರು ಎದ್ದರು. ಆಕೆ ಅವರ ಕಂಬಳಿಯನ್ನು ಎತ್ತಿ ಅಂಗಳಕ್ಕೆ ಒಯ್ದು, ಎರಡೂ ಕೈಯಲ್ಲಿ ಹಿಡಿದು ಚೆನ್ನಾಗಿ ಕೊಡವಿ ಅವರ ಹೆಗಲಿಗೆ ಹಾಕಿದಳು. ಇದನ್ನು ಮಾವ ನನಗೆ ಹೇಳಿದ್ದು ಸ್ಟುಡಿಯೊದ ಬೆಂಚಿನ ಮೇಲೆ ಕೂತು. "ಬೈದಿದ್ರೆ ಬೈಸ್ಕಂತಿದ್ದೆ ಕಣೋ" ಎಂದರು.

ಸೊಸೆಯನ್ನು ಯಾರೂ ಹೊರಗೆ ಹಾಕಲಿಲ್ಲ. ಹಬ್ಬಕ್ಕೆ ತವರಿಗೆ ಹೋಗಿ ಬಾ ಎಂದರು. ಕರೆಯಲು ಬರಲಿಲ್ಲ. ಗಂಡ ಒಳ್ಳೆಯವನೇ, ಆದರೆ ಆ ಮನೆಯಲ್ಲಿ ತಾಯಿಯ ಮಾತು ನಡೆಯುತ್ತದೆ ಎಂದು ಮಾವ ಹೇಳಿದ್ದು ಸರಿಯಾಗಿಯೇ ಇತ್ತು.

ಚುನಾವಣೆ ಇನ್ನೂ ಮುಗಿದಿರಲಿಲ್ಲ. ಮಾವ ಒಂದು ಮಧ್ಯಾಹ್ನ ಸ್ಟುಡಿಯೊಗೆ ಬಂದು, "ನಡಿ ಅಳಿಯ, ನಾನು ಹೇಳಿದ್ದನ್ನ ವಾಪಸ್ ಇಸ್ಕಂಬರಾನ" ಎಂದರು. ಕೊಟ್ಟ ಸಾಮಾನನ್ನು ವಾಪಸ್ ಕೇಳುವ ದನಿ. ಫೋನ್ ಮಾಡಿಸಿದ ಪಕ್ಷದ ಚುನಾವಣಾ ಕಚೇರಿ ಇದ್ದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಅವರೇ ನಿಂತು ಎಷ್ಟೋ ಮದುವೆ ಮಾಡಿಸಿದ ಮಂಟಪ. ಧಾರೆ ಎರೆಯುವ ಜಾಗದಲ್ಲಿ ಕಂಪ್ಯೂಟರಿನ ಮೇಜುಗಳು, ಕಿವಿಗೆ ತಂತಿ ಸಿಕ್ಕಿಸಿಕೊಂಡ ಹುಡುಗ ಹುಡುಗಿಯರು. ಮಾವ ನಡುವೆ ನಿಂತು ಕೇಳಿದರು, "ಇಲ್ಲಿ ಯಾರ ಮಾತು ನಡೀತೈತಪ್ಪ?"

ಮೊದಲನೆಯವನು ಎರಡನೆಯವನ ಕಡೆ ತೋರಿಸಿದ. ಅವನು ಮೇಲಿನವರನ್ನು ಕೇಳಬೇಕೆಂದ. ಮೇಲಿನವರು ಎಂದರೆ ಮಹಡಿ ಹತ್ತಿ ಹೋದೆವು. ಅಲ್ಲಿದ್ದವನು ನಮ್ಮದೇನೂ ಇಲ್ಲ, ಏಜೆನ್ಸಿಯವರು ಕಳಿಸುತ್ತಾರೆ, ನಾವು ಫೋನ್ ಮಾಡುತ್ತೇವೆ ಎಂದ. ಏಜೆನ್ಸಿ ಎಲ್ಲಿದೆ ಎಂದರೆ ಅವನಿಗೂ ತಿಳಿಯದು. ಎಷ್ಟು ಬಡವರ ಗುಡಿಸಲಿಗೆ ಹೋದರೂ ಮಾವನ ಪ್ರಶ್ನೆಗೆ ಒಂದು ಉತ್ತರ ಇರುತ್ತಿತ್ತು. ಅಲ್ಲಿ ಇರಲಿಲ್ಲ. ಯಾರ ಮಾತೂ ನಡೆಯದ ಮನೆಯನ್ನು ಅವರು ಅದೇ ಮೊದಲು ನೋಡಿದ್ದು. ನಾನು ಕೂಗಾಡಿದೆ, ಅದು ನನಗೆ ಬರುವ ವಿದ್ಯೆ. ಆಗ ಮಹಡಿಯವನು ಟ್ಯಾಬ್ ತಿರುಗಿಸಿ, "ನೋಡಿ ತಾತ, ಇಲ್ಲಿ ಒಪ್ಪಿಗೆ ಅಂತ ಟಿಕ್ ಆಗಿದೆ. ನೀವೇ ಒಪ್ಪಿ ಕೊಟ್ಟಿರೋದು" ಎಂದ.

"ಕಂಬಳಿ ಹಾಸಿದ್ದೆ ಕಣಪ್ಪ" ಎಂದರು ಮಾವ.

"ಏನು?"

"ಕಂಬಳಿ ಹಾಸಿ ಹೇಳಿದ್ದೆ."

ಅವನು ನನ್ನ ಮುಖ ನೋಡಿದ, ಇವರಿಗೆ ತಲೆ ಸರಿ ಇದೆಯೇ ಎನ್ನುವ ಹಾಗೆ. ನಾವು ಮೆಟ್ಟಿಲು ಇಳಿದೆವು. ಎದುರು ಪಕ್ಷದ ಕಚೇರಿಗೂ ಹೋದೆವು, ನ್ಯಾಯ ಕೇಳೋಣ ಎಂದು. ಅಲ್ಲಿಯೂ ಅದೇ ಮೇಜು, ಅದೇ ತಂತಿ, ಅದೇ ಸಕ್ಕರೆ ದನಿ. ಇಬ್ಬರೂ ಒಂದೇ ಅಂಗಡಿಯಲ್ಲಿ ಕೊಂಡಿದ್ದರು.

ದೂರು ಕೊಡೋಣ, ನಾನೇ ಬರೆದುಕೊಡುತ್ತೇನೆ ಎಂದೆ. ಮಾವ ತಲೆಯಾಡಿಸಿದರು. "ದೂರು ಬರೆದ್ರೆ ಏನಂತ ಬರೀತೀಯ? ಆ ಹುಡುಗಿ ಹೆಸರು, ಆಕೆ ಕಾಯಿಲೆ ಮತ್ತೊಂದು ಕಡೆ ಬರೀಬೇಕಲ್ಲಲೇ. ಇರೋದು ಸಾಲ್ದಾ?" ನನಗೆ ಬಂದಿದ್ದ ಕೋಪ ಹಾಗೇ ಉಳಿಯಿತು. ಇವತ್ತಿಗೂ ಇದೆ.

ಕೊಂಡ್ಲಹಳ್ಳಿಗೆ ಅವರು ಒಬ್ಬರೇ ಹೋಗಿದ್ದರು. ಅಪ್ಪ ಅಮ್ಮ ಹೊರಗೆ ಬರಲಿಲ್ಲ. ಹುಡುಗಿಯೇ ಬಂದು ನೀರು ಕೊಟ್ಟಳು. ಅವರು ಕುಡಿದ ಮೇಲೆ ಕೇಳಿದಳು, "ಮಾವ, ನಿಜ ಹೇಳಿ ಮದ್ವೆ ಮಾಡಿದ್ರಿ ಅಂತ ನಮ್ಮವ್ವ ನಿಮಗೆ ಕೈ ಮುಗೀತಿದ್ಲು. ನೀವೂ ಎಲ್ಲರಂಗೆ ಸುಳ್ಳು ಹೇಳಿದ್ರೆ ಆಗ್ತಿರ್ಲಿಲ್ವಾ? ನಿಮಗೇ ನಿಜ ಗೊತ್ತಿಲ್ದಿದ್ರೆ ಆ ಆ್ಯಪಿನ ಹುಡುಗ್ರಿಗೆ ಏನಂತ ಹೇಳ್ತಿದ್ರಿ?" ಮಾವ ಚೊಂಬು ಕೆಳಗಿಟ್ಟು ಎದ್ದು ಬಂದರು. ಆ ಹುಡುಗಿ ಇನ್ನೂ ತವರಿನಲ್ಲೇ ಇದ್ದಾಳೆ. ಮೊಳಕಾಲ್ಮೂರಿನ ಮಗ್ಗದ ಮನೆಯೊಂದಕ್ಕೆ ನೂಲು ಸುತ್ತಲು ಹೋಗುತ್ತಾಳೆ, ಬೇರೆಯವರ ಮದುವೆಯ ರೇಷ್ಮೆ ಸೀರೆಗೆ.

ಅಲ್ಲಿಂದ ಮುಂದೆ ಮಾವನಿಗೆ ಯಾವ ಮನೆಯಲ್ಲೂ ಒಳಗೆ ಬಾ ಎನ್ನುವವರಿರಲಿಲ್ಲ. ಮನೆ ಮನೆಗೂ ಒಂದೊಂದು ಫೋನ್ ಬಂದಿತ್ತು, ಒಂದೊಂದು ಗುಟ್ಟು ಹೊರಬಿದ್ದಿತ್ತು. ಎಲ್ಲರೂ ಹಿಂದಕ್ಕೆ ಲೆಕ್ಕ ಹಾಕಿ ಒಂದೇ ಕಂಬಳಿಗೆ ಬಂದು ಮುಟ್ಟಿದರು. ಆ ಹುಡುಗರ ಮೇಲೆ ಯಾರಿಗೂ ಸಿಟ್ಟು ಬರಲಿಲ್ಲ, ಅವರ ಮುಖ ಯಾರಿಗೆ ನೆನಪಿದೆ? ಗೆದ್ದವರ ಮೇಲೂ ಬರಲಿಲ್ಲ. ಅವರ ಮೆರವಣಿಗೆ ನನ್ನ ಸ್ಟುಡಿಯೊದ ಮುಂದೆಯೇ ಹೋಯಿತು, ಫೋನ್ ಬಂದ ಮನೆಗಳ ಗಂಡಸರೇ ಪಟಾಕಿ ಹೊಡೆಯುತ್ತಿದ್ದರು. ಸಿಟ್ಟೆಲ್ಲ ಬಂದದ್ದು ಕೈಗೆ ಸಿಗುವ ಮುದುಕನೊಬ್ಬನ ಮೇಲೆ. ಮಾವ ಕಂಬಳಿಯನ್ನು ಅಟ್ಟದ ಮೇಲೆ ಇಟ್ಟರು. ಬರಿ ಹೆಗಲಲ್ಲಿ ಅವರು ಬೇರೆ ಯಾರೋ ಅನ್ನಿಸುತ್ತಿತ್ತು. ಆಮೇಲಾಮೇಲೆ ಬೆಂಚಿಗೂ ಬರುವುದು ಬಿಟ್ಟರು. ನಾನೇ ತಳಕಿಗೆ ಹೋಗಿ ಮಾತಾಡಿಸಿ ಬರುತ್ತಿದ್ದೆ. ಏನು ಕೇಳಿದರೂ ಹೂಂ, ಉಹೂಂ.

ಹೋದ ತಿಂಗಳು ಬೆಳಗ್ಗೆ ಸುದ್ದಿ ಬಂತು. ನಾನು ಹೋಗುವ ಹೊತ್ತಿಗೆ ಚಟ್ಟ ಕಟ್ಟಿ ಮುಗಿದಿತ್ತು. ಜನ ಬಂದಿರಲಿಲ್ಲ ಎಂದಲ್ಲ, ಬಂದಿದ್ದರು. ಬಂದವರು ರಸ್ತೆಯ ಆಚೆ ಬದಿಯಲ್ಲಿ, ಹುಣಸೆಮರದ ಕೆಳಗೆ ನಿಂತಿದ್ದರು. ನೋಡಿದರೆ ತಪ್ಪಿಲ್ಲ, ಮುಟ್ಟಿದರೆ ಕ್ಷಮಿಸಿದ ಹಾಗಾಗುತ್ತದೆ ಎಂದುಕೊಂಡಿದ್ದರೋ ಏನೋ. ಅವರು ಕೂಡಿಸಿದ ಜೋಡಿಗಳಲ್ಲಿ ಎಷ್ಟೋ ಮುಖಗಳು ಅಲ್ಲಿದ್ದವು, ನಾನು ಫೋಟೊ ತೆಗೆದ ಮುಖಗಳು. ಅಂಗಳದೊಳಗೆ ಇದ್ದ ಗಂಡಸರು ಮೂವರೇ: ಮಾವನ ಹೆಂಡತಿಯ ತಮ್ಮ, ಪಕ್ಕದ ಮನೆಯ ಹಮಾಲಿ, ನಾನು. ಮಾವನ ಹೆಂಡತಿ, ನಮಗೆಲ್ಲ ಅತ್ತೆ, ಅಟ್ಟದಿಂದ ಕಂಬಳಿ ತೆಗೆಸಿ ಹೆಣದ ಮೇಲೆ ಹೊದಿಸಿದ್ದರು. ಚಟ್ಟಕ್ಕೆ ಹೆಗಲು ಕೊಡಲು ನಾಲ್ಕನೆಯವರು ಯಾರಾದರೂ ರಸ್ತೆ ದಾಟಿ ಬಂದಾರು ಎಂದು ಕಾಯುತ್ತಾ ನಿಂತೆವು. ಬಿಸಿಲು ಏರುತ್ತಿತ್ತು.

ಆಗ ಗೋಡೆಯ ಗೂಡಿನಲ್ಲಿದ್ದ ಮಾವನ ಫೋನ್ ಹೊಡೆದುಕೊಂಡಿತು. ಯಾರೋ ನೆಂಟರು ದಾರಿ ಕೇಳುತ್ತಿರಬೇಕೆಂದು ಅತ್ತೆ ಸ್ಪೀಕರ್ ಹಾಕಿದರು. ಮತ್ತೊಂದು ಚುನಾವಣೆ ಹತ್ತಿರ ಬಂದಿರುವುದು ನನಗೆ ಮರೆತೇಹೋಗಿತ್ತು. ಈ ಸಲ ಗಂಡುದನಿ, ಮೊದಲೇ ರೆಕಾರ್ಡ್ ಮಾಡಿಟ್ಟದ್ದು. ಮಾವನ ಹೆಸರನ್ನು ಪೂರ್ತಿಯಾಗಿ, ಅವರ ಅಪ್ಪನ ಹೆಸರಿನೊಂದಿಗೆ ಹೇಳಿತು. "ನಮಸ್ಕಾರ. ನೀವು ಈ ಭಾಗದ ಹಿರಿಯರು. ನಿಮ್ಮ ಮಾತು ನಡೆಯುವ ಮನೆಗಳು ಇಲ್ಲಿ ಬಹಳ ಇವೆ ಎಂದು ನಮಗೆ ಗೊತ್ತಿದೆ."

ನಾನು ಕಸಿದುಕೊಂಡು ಆರಿಸಲು ಕೈ ಚಾಚಿದೆ. ಅತ್ತೆ ಕೊಡಲಿಲ್ಲ. ಫೋನನ್ನು ಮುಖದ ಮುಂದೆ ಹಿಡಿದೇ, ರಸ್ತೆಯ ಆಚೆ ನಿಂತವರನ್ನೊಮ್ಮೆ ನೋಡಿ ನನಗೆ ಹೇಳಿದರು.

"ಯಾವ್ಯಾವ ಮನೆ ಅಂತ ಕೇಳಪ್ಪ. ಒಂದ್ ಹೆಗಲು ಕಮ್ಮಿ ಐತೆ."